ಕೊನೆಯಲ್ಲಿ ಉಳಿದ ‘ವಿತ್’

ಹೋದ ವಾರ ಆಫೀಸಿನಲ್ಲಿ ಒಂದು ಮೇಲ್ ಬರೆಯುತ್ತಿದ್ದೆ. ಎರಡೇ ಸಾಲು. ಮೊದಲನೆಯದು ಹೇಗಿದ್ದೀಯ, ಜ್ವರ ಬಿಟ್ಟಿತಾ ಅಂತ. ಎರಡನೆಯದು ಹೀಗಿತ್ತು: ‘ದಿಸ್ ಈಸ್ ದಿ ರಿಪೋರ್ಟ್ ಐ ವಾಸ್ ಟಾಕಿಂಗ್ ಅಬೌಟ್.’ ನಾನು ಹೇಳುತ್ತಿದ್ದ ರಿಪೋರ್ಟು ಇದೇ ಅಂತ, ಅಷ್ಟೇ. ಇನ್ನೇನು ಕಳಿಸಬೇಕು, ಕೊನೆಯ ಆ ‘ಅಬೌಟ್’ ಕಣ್ಣಿಗೆ ಚುಚ್ಚಿತು. ವಾಕ್ಯ ಮುಗಿದೇ ಇಲ್ಲವೇನೋ, ಅದರ ಮುಂದೆ ಇನ್ನೇನೋ ಬರಬೇಕಿತ್ತೇನೋ ಅನ್ನಿಸಿತು. ಅಳಿಸಿದೆ. ‘ದಿಸ್ ಈಸ್ ದಿ ರಿಪೋರ್ಟ್ ಅಬೌಟ್ ವಿಚ್ ಐ ವಾಸ್ ಟಾಕಿಂಗ್’ ಅಂತ ಮಾಡಿದೆ. ಈಗ ಅದು ವಕೀಲರ ನೋಟಿಸಿನ ಹಾಗೆ ಕಂಡಿತು. ಮೇಲ್ ಹೋಗಬೇಕಾಗಿದ್ದುದು ನನಗಿಂತ ಹದಿನೈದು ವರ್ಷ ಚಿಕ್ಕವಳಾದ ಹುಬ್ಬಳ್ಳಿ ಹುಡುಗಿಗೆ. ದಿನಾ ಮಧ್ಯಾಹ್ನ ನನ್ನ ಡಬ್ಬಿಯಿಂದ ಉಪ್ಪಿನಕಾಯಿ ಎತ್ತಿಕೊಂಡು ಹೋಗುವವಳಿಗೆ ‘ಅಬೌಟ್ ವಿಚ್’ ಅಂತ ಬರೆದರೆ, ಅಕ್ಕನಿಗೆ ನನ್ನ ಮೇಲೆ ಕೋಪ ಬಂದಿದೆ ಅಂದುಕೊಳ್ಳುತ್ತಾಳೆ. ಮತ್ತೆ ಅಳಿಸಿದೆ. ಮತ್ತೆ ಹಳೆಯದನ್ನೇ ಬರೆದೆ. ಮತ್ತೆ ಚುಚ್ಚಿತು. ಒಂದು ‘ಅಬೌಟ್’ ಹಿಂದಕ್ಕೂ ಮುಂದಕ್ಕೂ ಓಡಾಡುವುದರಲ್ಲಿ ಹನ್ನೊಂದು ನಿಮಿಷ ಕಳೆಯಿತು. ಗಡಿಯಾರ ನೋಡಿಕೊಂಡೆ, ಅದಕ್ಕೇ ಗೊತ್ತು.

ಇಂಗ್ಲಿಷಿನಲ್ಲಿ ಪತ್ರ ಬರೆದು ಸಂಬಳ ತೆಗೆದುಕೊಳ್ಳಲು ಶುರು ಮಾಡಿ ಇಪ್ಪತ್ತೈದು ವರ್ಷ ದಾಟಿದೆ. ಇವತ್ತಿಗೂ ವಾಕ್ಯದ ಕೊನೆಗೆ ಒಂದು ‘ವಿತ್’, ಒಂದು ‘ಫಾರ್’, ಒಂದು ‘ಅಬೌಟ್’ ಬಂದು ನಿಂತರೆ ಬೆನ್ನ ಹಿಂದೆ ಯಾರೋ ನಿಂತು ನೋಡುತ್ತಿದ್ದಾರೆ ಅನ್ನಿಸುತ್ತದೆ. ಸರಿಯಾಗಿ ತಿರುಗಿ ನೋಡಿದರೆ ಅಲ್ಲಿ ಇಬ್ಬರು ನಿಂತಿದ್ದಾರೆ. ಒಬ್ಬರು ಹಾಕು ಅನ್ನುತ್ತಾರೆ. ಇನ್ನೊಬ್ಬರು ತೆಗಿ ಅನ್ನುತ್ತಾರೆ.

ಬರೆಯೋಕೆ ಪೆನ್ನಿಲ್ಲ

ಹಾಕು ಅಂದವರು ನಮ್ಮ ಹೈಸ್ಕೂಲಿನ ಇಂಗ್ಲಿಷ್ ಮೇಷ್ಟ್ರು. ಅರಸೀಕೆರೆ ಸೀಮೆಯ ಕನ್ನಡ ಶಾಲೆ ನಮ್ಮದು. ಐದನೇ ಕ್ಲಾಸಿಗೆ ಎಬಿಸಿಡಿ ಶುರು ಮಾಡಿದವರು ನಾವು. ಒಂಬತ್ತಕ್ಕೆ ಬರುವಷ್ಟರಲ್ಲಿ ಹಸುವಿನ ಮೇಲೆ, ರೈಲು ಪ್ರಯಾಣದ ಮೇಲೆ ಹತ್ತು ಹತ್ತು ಸಾಲು ಉರು ಹೊಡೆದು ಬರೆಯುತ್ತಿದ್ದೆವು. ಆ ಸಲ ಮೇಷ್ಟ್ರು ಉರು ಹೊಡೆಯಲಾಗದ ವಿಷಯ ಕೊಟ್ಟರು: ಪರೀಕ್ಷೆಯ ದಿನ ನಿಮಗಾದ ಪಜೀತಿ. ನಾನು ಪೆನ್ನು ಮರೆತು ಹೋದ ಕಥೆ ಬರೆದೆ. ಅದರಲ್ಲೊಂದು ವಾಕ್ಯ, ‘ಐ ಹ್ಯಾಡ್ ನೋ ಪೆನ್ ಟು ರೈಟ್.’ ನೋಟ್‌ಬುಕ್ ವಾಪಸ್ ಬಂದಾಗ ನನ್ನ ಫುಲ್‌ಸ್ಟಾಪಿನ ಮೇಲೆ ಕೆಂಪು ಗೀಟು ಬಿದ್ದಿತ್ತು. ಅದರ ಪಕ್ಕ ಕೆಂಪು ಇಂಕಿನಲ್ಲಿ ‘ವಿತ್’. ಅದರ ಪಕ್ಕ ಹೊಸದೊಂದು ಕೆಂಪು ಫುಲ್‌ಸ್ಟಾಪ್.

ನನಗೆ ಅರ್ಥವಾಗಲಿಲ್ಲ. ಎದ್ದು ನಿಂತು ಕೇಳಿದೆ. ‘ಸಾರ್, ಬರೆಯೋಕೆ ಪೆನ್ನಿಲ್ಲ ಅಂದ್ರೆ ಸಾಕಲ್ವಾ? ಪೆನ್ನಿಂದ ಬರೀದೆ ಇನ್ನೇನ್ ಮಾಡ್ತಾರೆ?’ ಕ್ಲಾಸು ನಕ್ಕಿತು. ಮೇಷ್ಟ್ರು ನಗಲಿಲ್ಲ. ‘ನಿಂಗೆ ಸಾಕು ಕಣಮ್ಮ. ಇಂಗ್ಲಿಷ್‌ಗೆ ಸಾಲ್ದು’ ಅಂದರು. ಬೋರ್ಡಿನ ಕಡೆ ತಿರುಗಿ ಐದು ವಾಕ್ಯ ಕನ್ನಡದಲ್ಲೇ ಬರೆದರು. ಬರೆಯೋಕೆ ಪೆನ್ನಿಲ್ಲ. ಬರೆಯೋಕೆ ಪೇಪರ್ ಇಲ್ಲ. ಬರೆಯೋಕೆ ಮೇಜಿಲ್ಲ. ಬರೆಯೋಕೆ ವಿಷಯ ಇಲ್ಲ. ಬರೆಯೋಕೆ ಯಾರೂ ಇಲ್ಲ. ‘ಐದರಲ್ಲೂ ಬರೆಯೋಕೆ ಅನ್ನೋದು ಒಂದೇ, ಅಲ್ವಾ?’ ಅಂದರು. ಹೌದು ಸಾರ್ ಅಂದೆವು. ಆಮೇಲೆ ಒಂದೊಂದರ ಮುಂದೆಯೂ ಇಂಗ್ಲಿಷ್ ಬರೆದರು. ಪೆನ್ನಾದರೆ ರೈಟ್ ವಿತ್. ಪೇಪರ್ ಆದರೆ ರೈಟ್ ಆನ್. ಮೇಜಾದರೆ ರೈಟ್ ಆ್ಯಟ್. ವಿಷಯವಾದರೆ ರೈಟ್ ಅಬೌಟ್. ಮನುಷ್ಯರಾದರೆ ರೈಟ್ ಟು. ‘ನೋಡ್ರೋ, ಇಂಗ್ಲಿಷ್ ವಾಕ್ಯಕ್ಕೆ ಬಾಲ ಇರುತ್ತೆ. ಬಾಲ ಕಿತ್ತುಹಾಕಿದ್ರೆ ಹಸು ನೊಣ ಹೆಂಗೆ ಓಡಿಸ್ತದೆ?’

ಈ ಬಾಲದ ಮಾತು ತಲೆಯಲ್ಲಿ ಕೂತುಬಿಟ್ಟಿತು. ಅದಾದ ಮೇಲೆ ಎಷ್ಟೋ ದಿನ ಕಂಡ ಕಂಡ ವಾಕ್ಯಕ್ಕೆಲ್ಲ ಬಾಲ ಹಚ್ಚುತ್ತಿದ್ದೆ. ಕೂರೋಕೆ ಬೆಂಚು, ಸಿಟ್ ಆನ್. ಆಡೋಕೆ ಗೆಳತಿ, ಪ್ಲೇ ವಿತ್. ಮಲಗಿ ನಿದ್ದೆ ಹತ್ತುವ ತನಕ ಇದೇ ಆಟ. ಕುಡಿಯೋಕೆ ನೀರು ಅನ್ನುವಲ್ಲಿ ಬಾಲ ಸಿಗದೆ ಒಂದು ರಾತ್ರಿ ಒದ್ದಾಡಿದ್ದು ನೆನಪಿದೆ. ನೀರನ್ನೇ ಕುಡಿಯುವುದು, ಅದಕ್ಕೆ ಬಾಲ ಬೇಕಿಲ್ಲ ಅಂತ ಮಾರನೇ ದಿನ ಮೇಷ್ಟ್ರು ಹೇಳಿದರು. ಆ ಲೋಟದಲ್ಲಿ ಕುಡಿಯುವುದಾದರೆ ಬೇಕು ಅಂತಲೂ ಹೇಳಿದರು. ನಾನು ಲೋಟದ ಬಗ್ಗೆ ಕೇಳಿರಲಿಲ್ಲ.

ನಾನು ಬಂದ ಕೆಲಸ

ಆವತ್ತು ಮೇಷ್ಟ್ರು ಇಂಗ್ಲಿಷ್ ಹೇಳಿಕೊಡುತ್ತಿದ್ದರು ಅಂದುಕೊಂಡಿದ್ದೆ. ಈಗ ನೋಡಿದರೆ ಅವರು ತೋರಿಸಿದ್ದು ಕನ್ನಡವನ್ನು. ಬರೆಯೋಕೆ ಅನ್ನುವುದು ಐದು ಕಡೆ ಐದು ಕೆಲಸ ಮಾಡುತ್ತದೆ ಅಂತ ನಮಗೆ ಅಲ್ಲಿಯವರೆಗೆ ಹೊಳೆದೇ ಇರಲಿಲ್ಲ. ಮನೆಯ ಹೊಸಿಲನ್ನು ಯಾರು ಎಣಿಸುತ್ತಾರೆ?

‘ಬಂದ’ ಅನ್ನುವ ಪದವನ್ನೇ ತೆಗೆದುಕೊಳ್ಳಿ. ನಾನು ಬಂದ ಬಸ್ಸು. ನಾನು ಬಂದ ದಾರಿ. ನಾನು ಬಂದ ದಿನ. ನಾನು ಬಂದ ಕೆಲಸ. ಬಿಡಿಸಿ ಹೇಳುವುದಾದರೆ ಬಸ್ಸಿನಲ್ಲಿ ಬಂದದ್ದು, ಕೆಲಸಕ್ಕೆ ಬಂದದ್ದು. ಆದರೆ ‘ಬಂದ’ ಹೋಗಿ ಹೆಸರಿನ ಮುಂದೆ ಕೂತ ತಕ್ಷಣ ‘ಅಲ್ಲಿ’, ‘ಕ್ಕೆ’ ಎಲ್ಲ ಉದುರಿಹೋಗುತ್ತವೆ. ಮಾತಾಡುವವರು ಅದನ್ನು ಹೇಳುವುದಿಲ್ಲ, ಕೇಳುವವರೇ ತುಂಬಿಕೊಳ್ಳುತ್ತಾರೆ. ಬಸ್ಸಿನಲ್ಲಿ ಬರುತ್ತಾರೆಯೇ ಹೊರತು ಬಸ್ಸಿಗಾಗಿ ಬರುವುದಿಲ್ಲ ಅಂತ ಎಲ್ಲರಿಗೂ ಗೊತ್ತಲ್ಲ. ‘ಅಯ್ಯೋ, ಬಂದ ಕೆಲಸವೇ ಮರೆತುಹೋಯ್ತು’ ಅನ್ನುವಾಗ ಯಾವ ವಿಭಕ್ತಿಯೂ ನಮಗೆ ಕಡಿಮೆ ಬೀಳುವುದಿಲ್ಲ. ಇದನ್ನೇ ಇಂಗ್ಲಿಷಿಗೆ ತಂದರೆ ‘ದಿ ವರ್ಕ್ ಐ ಕೇಮ್’ ಆಗುತ್ತದೆ. ಕೆಲಸ ಬಂತೋ ನಾನು ಬಂದೆನೋ ಗೊತ್ತಾಗದೆ ಇಂಗ್ಲಿಷಿನವರು ಕಣ್ಣು ಪಿಳಿಪಿಳಿ ಬಿಡುತ್ತಾರೆ. ಅವರಿಗೆ ಕೊನೆಯಲ್ಲಿ ಒಂದು ‘ಫಾರ್’ ಬೇಕು.

ಹೀಗೆ ಉದುರಿಸಿ ನಡೆಸಲು ಆಗದ ಜಾಗಗಳೂ ಕನ್ನಡದಲ್ಲಿವೆ. ‘ನಾನು ಯಾರ ಜೊತೆ ಬಂದೆನೋ ಆ ಗೆಳತಿ’ ಅನ್ನುವುದನ್ನು ‘ನಾನು ಬಂದ ಗೆಳತಿ’ ಮಾಡಲು ಬರುವುದಿಲ್ಲ. ಆಗ ನಾವು ಜಾಣತನ ಮಾಡಿ ವಾಕ್ಯವನ್ನೇ ತಿರುಗಿಸುತ್ತೇವೆ: ನನ್ನ ಜೊತೆ ಬಂದ ಗೆಳತಿ. ಬಂದವಳು ಈಗ ಅವಳು. ನಾನು ಬರೀ ಜೊತೆ.

ಪ್ರಶ್ನೆ ಕೇಳುವಾಗ ನಮ್ಮದು ತದ್ವಿರುದ್ಧ. ಅಲ್ಲಿ ಪ್ರತ್ಯಯ ಉದುರುವುದಿಲ್ಲ, ಬಿಡಿಸಿದರೂ ಬಿಡುವುದಿಲ್ಲ. ಎಲ್ಲಿಂದ, ಯಾರಿಗೆ, ಯಾವುದರಲ್ಲಿ, ಯಾತಕ್ಕೆ. ‘ಇಂದ’ವನ್ನು ‘ಎಲ್ಲಿ’ಯಿಂದ ಕಿತ್ತು ವಾಕ್ಯದ ಕೊನೆಗೆ ಎಸೆಯುವುದು ಕನ್ನಡದಲ್ಲಿ ಕನಸಿನಲ್ಲೂ ಆಗದ ಮಾತು. ಹಾಗಾಗಿಯೇ ನಮ್ಮವರ ಬಾಯಲ್ಲಿ ‘ಫ್ರಮ್ ವೇರ್ ಆರ್ ಯು?’ ಸಲೀಸಾಗಿ ಬರುತ್ತದೆ. ಎಲ್ಲಿಂದ ಅನ್ನುವುದು ಒಂದೇ ಪದ, ಅದನ್ನು ಎರಡು ತುಂಡು ಮಾಡಿ ‘ವೇರ್’ ಇಲ್ಲಿ, ‘ಫ್ರಮ್’ ಅಲ್ಲಿ ಇಡಲು ಮನಸ್ಸು ಬರುವುದಿಲ್ಲ. ಅಮೆರಿಕದಲ್ಲಿರುವ ನನ್ನ ತಂಗಿ ಇದೊಂದನ್ನು ತಿದ್ದಿಕೊಳ್ಳಲು ವರ್ಷಗಟ್ಟಲೆ ತೆಗೆದುಕೊಂಡಳು. ‘ತಪ್ಪೇನಿಲ್ಲ ಕಣೇ, ಆದ್ರೆ ಇಮಿಗ್ರೇಶನ್ ಆಫೀಸರ್ ಕೇಳಿದ ಹಾಗಿರುತ್ತೆ ಅಂತಾರೆ’ ಅಂತ ಫೋನಿನಲ್ಲಿ ಹೇಳಿದ್ದಳು.

ಒಂದು ಕಡೆ ಪೂರ್ತಿ ಬಿಡುತ್ತೇವೆ, ಇನ್ನೊಂದು ಕಡೆ ಬಿಡುವುದೇ ಇಲ್ಲ. ಬಿಟ್ಟೂ ಬಿಡದ ಹಾಗೆ, ಹೆಸರು ಮುಂದೆ ಹೋದ ಮೇಲೂ ತಾನು ಮಾತ್ರ ಹಿಂದೆ ಉಳಿಯುವ ಈ ಇಂಗ್ಲಿಷ್ ಅಭ್ಯಾಸ ನಮ್ಮಲ್ಲಿ ಎಲ್ಲೂ ಇಲ್ಲ. ಇಂಗ್ಲಿಷಿನ ಬಂಧುಗಳಾದ ಡ್ಯಾನಿಶ್, ಸ್ವೀಡಿಶ್ ಭಾಷೆಗಳಲ್ಲಿ ಇದೆ. ಹೈಸ್ಕೂಲು ಬಿಡುವ ಹೊತ್ತಿಗೆ ನನಗೆ ಇದು ಅಭ್ಯಾಸವಾಗಿತ್ತು. ಬಾಲ ಹಚ್ಚುವುದರಲ್ಲಿ ಪಳಗಿದ್ದೆ.

ಫಾರ್ ವಿಚ್

ತೆಗಿ ಅಂದವರು ನನ್ನ ಮೊದಲ ಕೆಲಸದ ಆಡಿಟರು. 1998ರಲ್ಲಿ ಬೆಂಗಳೂರಿನ ಒಂದು ಸಣ್ಣ ಆಡಿಟರ್ ಆಫೀಸಿಗೆ ಸೇರಿದೆ. ನಾಲ್ಕು ಟೇಬಲ್ಲು, ಒಂದು ಕಂಪ್ಯೂಟರು, ಕಿರ್ರೋ ಅನ್ನುವ ಡಾಟ್ ಮ್ಯಾಟ್ರಿಕ್ಸ್ ಪ್ರಿಂಟರು. ಅಂಗಡಿಯವರಿಗೆ ಪತ್ರ ಬರೆಯುವುದು ನನ್ನ ಪಾಲಿನ ಕೆಲಸ. ಮೊದಲ ವಾರವೇ ಒಂದು ಪತ್ರ ಬರೆದು ಸಹಿಗೆ ಇಟ್ಟೆ. ‘ಪ್ಲೀಸ್ ಸೆಂಡ್ ದಿ ಬಿಲ್ಸ್ ವಿ ಆಸ್ಕ್ಡ್ ಫಾರ್.’ ನಾವು ಕೇಳಿದ್ದ ಬಿಲ್ಲುಗಳನ್ನು ಕಳಿಸಿಕೊಡಿ ಅಂತ. ಆಡಿಟರು ಕನ್ನಡಕ ಮೇಲೇರಿಸಿ ಕೊನೆಯ ‘ಫಾರ್’ ಸುತ್ತ ಒಂದು ಸೊನ್ನೆ ಸುತ್ತಿದರು.

‘ಇದೇನಮ್ಮ?’

‘ಫಾರ್ ಸಾರ್.’

‘ಅದು ಕಾಣುತ್ತೆ. ಪ್ರಿಪೊಸಿಶನ್ ಅಂದ್ರೇನು? ಪ್ರಿ ಅಂದ್ರೆ ಮುಂಚೆ. ಮುಂಚೆ ಇರ್ಬೇಕಾದ್ದನ್ನ ಕೊನೇಲಿಟ್ರೆ ಏನಂತ ಕರೀಬೇಕು?’

ನನ್ನ ಹತ್ತಿರ ಉತ್ತರ ಇರಲಿಲ್ಲ. ಹಸು, ಬಾಲ, ನೊಣ ಎಲ್ಲ ಬಾಯ ತುದಿಗೆ ಬಂದಿತ್ತು, ನುಂಗಿಕೊಂಡೆ. ಅವರು ಹಳೆಯ ಕಾಲದ ಕಾನ್ವೆಂಟಿನಲ್ಲಿ ಓದಿದವರು. ಅವರ ಮುಂದೆ ನನ್ನ ಮೇಷ್ಟ್ರನ್ನು ಬಿಟ್ಟುಕೊಡಲು ಇಷ್ಟವಿರಲಿಲ್ಲ, ಹಾಗಂತ ವಾದ ಮಾಡುವ ಧೈರ್ಯವೂ ಇರಲಿಲ್ಲ. ಅವರೇ ತಿದ್ದಿದರು: ‘ಪ್ಲೀಸ್ ಸೆಂಡ್ ದಿ ಬಿಲ್ಸ್ ಫಾರ್ ವಿಚ್ ವಿ ಹ್ಯಾವ್ ಆಸ್ಕ್ಡ್.’ ಆಹಾ, ಇದು ನಿಜವಾದ ಇಂಗ್ಲಿಷ್ ಅನ್ನಿಸಿತು. ನಮ್ಮ ಶಾಲೆಯ ಮಣ್ಣಿನ ವಾಸನೆಯೇ ಇಲ್ಲದ ಇಂಗ್ಲಿಷ್. ಟೈಪ್ ಮಾಡಿ ಅಂಚೆಗೆ ಹಾಕಿದೆ.

ಮೂರನೇ ದಿನ ಚಿಕ್ಕಪೇಟೆ ಕಡೆಯ ಹಾರ್ಡ್‌ವೇರ್ ಅಂಗಡಿಯ ಯಜಮಾನರು ಖುದ್ದಾಗಿ ಬಂದರು. ಹಿಂದೆ ಒಬ್ಬ ಹುಡುಗ, ಹುಡುಗನ ತಲೆಯ ಮೇಲೆ ಒಂದು ಗೋಣಿಚೀಲ. ಚೀಲ ಇಳಿಸಿದಾಗ ಧೂಳೆದ್ದು ಎಲ್ಲರೂ ಕೆಮ್ಮಿದೆವು. ‘ಅಮ್ಮಾ, ನೀವು ಬಿಲ್ ಕಳ್ಸಿ ಅಂತ ಬರ್ದಿದೀರ. ಸರಿ. ಆಮೇಲೆ ಫಾರ್ ವಿಚ್ ಅಂತ ನಮ್ಮನ್ನೇ ಕೇಳಿದೀರ. ಯಾವುದಕ್ಕೆ ಅಂತ ನಮಗೇನ್ರೀ ಗೊತ್ತು? ಮಗನಿಗೆ ತೋರ್ಸಿದೆ, ಅವನಿಗೂ ಗೊತ್ತಾಗ್ಲಿಲ್ಲ. ಅದಕ್ಕೇ ಎರಡು ವರ್ಷದ್ದು ಎಲ್ಲಾ ತಂದಿದೀನಿ, ನೀವೇ ಹುಡುಕ್ಕೊಳ್ಳಿ.’

ನಮಗೆ ಬೇಕಾಗಿದ್ದುದು ಏಳು ಬಿಲ್ಲು. ಕೂತು ಹುಡುಕಿದೆವು. ಮೊಳೆ, ತಿರುಪು, ಕೀಲು, ಚಿಲಕ, ಎರಡು ವರ್ಷ ಬೆಂಗಳೂರಿನ ಯಾವ ಯಾವ ಬಾಗಿಲಿಗೆ ಏನೇನು ಹೋಯಿತು ಅನ್ನುವುದೆಲ್ಲ ಆ ಚೀಲದಲ್ಲಿತ್ತು. ಆಡಿಟರು ಒಂದು ಮಾತೂ ಆಡದೆ ತಾವೂ ನೆಲಕ್ಕೆ ಕೂತು ಹುಡುಕಿದರು, ಅದು ಅವರ ದೊಡ್ಡತನ. ಆದರೆ ನಿಯಮ ಮಾತ್ರ ಸಡಿಲಿಸಲಿಲ್ಲ. ಮುಂದಿನ ಪತ್ರದಲ್ಲೂ ‘ಫಾರ್ ವಿಚ್’ ಇತ್ತು.

ಯಜಮಾನರನ್ನು ನೆನೆಸಿಕೊಂಡು ನಾವು ತುಂಬ ದಿನ ನಕ್ಕೆವು. ಇತ್ತೀಚೆಗೆ ಮಾತ್ರ ಅನ್ನಿಸುತ್ತಿದೆ, ಅವರು ಓದಿದ್ದರಲ್ಲಿ ತಪ್ಪೇನಿತ್ತು? ‘ವಿಚ್’ ಅಂದರೆ ಯಾವುದು. ಯಾವುದು ಅನ್ನುವುದು ಕನ್ನಡದಲ್ಲಿ ಮೊದಲಿಗೆ ಪ್ರಶ್ನೆ. ‘ನಾವು ಕೇಳಿದ್ದ ಬಿಲ್ಲು’ ಅನ್ನುವಲ್ಲಿ ‘ಯಾವುದು’ ಇಲ್ಲವೇ ಇಲ್ಲ. ನಾನು ಮೊದಲು ಬರೆದಿದ್ದ ವಾಕ್ಯ ಅವರ ಕನ್ನಡಕ್ಕೆ ಎಷ್ಟೋ ಹತ್ತಿರವಿತ್ತು. ಕೊನೆಯ ‘ಫಾರ್’ ಒಂದನ್ನು ಕಣ್ಣಿಗೆ ಹಾಕಿಕೊಳ್ಳದೆ ಓದಿದ್ದರೂ ಅರ್ಥವಾಗುತ್ತಿತ್ತು.

ಸತ್ತವನ ಸಾಲು ತಿದ್ದಿದವನು

ಆಡಿಟರ ನಿಯಮ ಎಲ್ಲಿಂದ ಬಂತು ಅಂತ ಹುಡುಕಿದ್ದು ಅದಾಗಿ ಬಹಳ ವರ್ಷಗಳ ಮೇಲೆ. ಹುಡುಕಿದರೆ ಸಿಕ್ಕವನು ಜಾನ್ ಡ್ರೈಡನ್. 17ನೇ ಶತಮಾನದ ದೊಡ್ಡ ಕವಿ. 1672ರಲ್ಲಿ ಬರೆದ ಒಂದು ಲೇಖನದಲ್ಲಿ ಅವನು ಹಿಂದಿನ ತಲೆಮಾರಿನ ನಾಟಕಕಾರ ಬೆನ್ ಜಾನ್ಸನ್‌ನ ಸಾಲುಗಳನ್ನು ಹೆಕ್ಕಿ ಹೆಕ್ಕಿ ತಪ್ಪು ತೋರಿಸುತ್ತಾನೆ. ಅದರಲ್ಲಿ ಒಂದು ಸಾಲು, ‘ದಿ ಬಾಡೀಸ್ ದಟ್ ದೋಸ್ ಸೋಲ್ಸ್ ವರ್ ಫ್ರೈಟೆಡ್ ಫ್ರಮ್.’ ಆತ್ಮಗಳು ಹೆದರಿ ಬಿಟ್ಟುಹೋದ ದೇಹಗಳು ಅಂತ. ಕೊನೆಗೆ ಪ್ರಿಪೊಸಿಶನ್ ಬಂದಿದೆ, ಇದು ಇವನ ಮಾಮೂಲಿ ದೋಷ ಅಂತ ಡ್ರೈಡನ್ ಟೀಕೆ. ಯಾಕೆ ದೋಷ ಅಂತ ಹೇಳುವುದಿಲ್ಲ. ಜಾನ್ಸನ್ ತಿರುಗಿ ಕೇಳುವ ಹಾಗೂ ಇರಲಿಲ್ಲ, ಅವನು ಸತ್ತು 35 ವರ್ಷವಾಗಿತ್ತು. ಮೆಚ್ಚಬೇಕಾದ್ದು ಏನೆಂದರೆ, ಈ ದೋಷ ನನ್ನ ಬರಹದಲ್ಲೂ ಇದೆ, ಈಚೆಗೆ ಗಮನಿಸಿದೆ ಅಂತ ಅಲ್ಲೇ ಒಪ್ಪಿಕೊಳ್ಳುತ್ತಾನೆ. ಒಪ್ಪಿಕೊಂಡು ಸುಮ್ಮನಾಗಲಿಲ್ಲ. 1668ರಲ್ಲಿ ಅಚ್ಚಾಗಿದ್ದ ತನ್ನ ಪ್ರಬಂಧವನ್ನು 1684ರಲ್ಲಿ ಮತ್ತೆ ಅಚ್ಚು ಮಾಡುವಾಗ ಹುಡುಕಿ ಹುಡುಕಿ ಬಾಲ ಕತ್ತರಿಸಿದ. ‘ದಿ ಏಜ್ ಐ ಲಿವ್ ಇನ್’ ಅಂತ ಇದ್ದದ್ದು ‘ದಿ ಏಜ್ ಇನ್ ವಿಚ್ ಐ ಲಿವ್’ ಆಯಿತು. ನನ್ನ ಹನ್ನೊಂದು ನಿಮಿಷಕ್ಕೆ ಹಿರಿಯಣ್ಣ.

ಡ್ರೈಡನ್‌ಗೆ ಇನ್ನೊಂದು ಅಭ್ಯಾಸವಿತ್ತು. ತನ್ನ ಇಂಗ್ಲಿಷ್ ಸರಿಯೋ ತಪ್ಪೋ ಅನುಮಾನ ಬಂದರೆ ಅದನ್ನು ಲ್ಯಾಟಿನ್‌ಗೆ ಅನುವಾದಿಸಿ ನೋಡುತ್ತಿದ್ದೆ ಅಂತ ಅವನೇ ಬರೆದುಕೊಂಡಿದ್ದಾನೆ. ನಮಗಿಲ್ಲಿ ಸುಳಿವು ಸಿಗುತ್ತದೆ. ಪ್ರಿಪೊಸಿಶನ್ ಅನ್ನುವ ಹೆಸರೇ ಲ್ಯಾಟಿನ್‌ನದು, ಮುಂದೆ ಇಟ್ಟದ್ದು ಅಂತ ಅರ್ಥ. ಲ್ಯಾಟಿನ್‌ನಲ್ಲಿ ಅದನ್ನು ವಾಕ್ಯದ ಕೊನೆಯಲ್ಲಿ ಒಂಟಿಯಾಗಿ ಬಿಟ್ಟುಬರಲು ಆಗುವುದಿಲ್ಲ. ಇಂಗ್ಲಿಷಿನಲ್ಲಿ ಆಗುತ್ತದೆ, ಶತಮಾನಗಳಿಂದ ಆಗುತ್ತಲೇ ಇತ್ತು. ಶೇಕ್ಸ್‌ಪಿಯರ್‌ನ ಪ್ರಸಿದ್ಧ ಮಾತು, ಕನಸುಗಳು ಯಾವುದರಿಂದ ಆಗಿವೆಯೋ ನಾವೂ ಅದರಿಂದಲೇ ಆದವರು ಅನ್ನುವ ಮಾತು, ‘ಮೇಡ್ ಆನ್’ ಅಂತ ಬಾಲದಲ್ಲೇ ಮುಗಿಯುತ್ತದೆ. ಅಂದಹಾಗೆ ಅಲ್ಲಿರುವುದು ‘ಆನ್’. ಈಗಿನವರು ‘ಆಫ್’ ಅನ್ನುತ್ತಾರೆ. ನಮ್ಮ ಕ್ಲಾಸಿನಲ್ಲಿ ಯಾರಾದರೂ ‘ಮೇಡ್ ಆನ್’ ಅಂತ ಬರೆದಿದ್ದರೆ ಮೇಷ್ಟ್ರು ಕೆಂಪು ಗೀಟು ಎಳೆಯುತ್ತಿದ್ದರು.

ಆಮೇಲೆ ರಾಬರ್ಟ್ ಲೌತ್ ಬರುತ್ತಾರೆ. ಮುಂದೆ ಲಂಡನ್ನಿನ ಬಿಷಪ್ ಆದವರು. 1762ರಲ್ಲಿ ಅವರೊಂದು ಇಂಗ್ಲಿಷ್ ವ್ಯಾಕರಣ ಬರೆದರು. ಲೌತ್ ಹೇಳಿದ್ದು ಇಷ್ಟೇ: ಮಾತಿನಲ್ಲಿ ಪ್ರಿಪೊಸಿಶನ್ ಕೊನೆಗೆ ಬರುವುದು ಸಾಮಾನ್ಯ, ಸಲಿಗೆಯ ಬರಹಕ್ಕೂ ಅದು ಹೊಂದುತ್ತದೆ, ಗಂಭೀರ ಬರಹದಲ್ಲಿ ಮುಂದೆ ಇಟ್ಟರೆ ಚೆನ್ನ. ನಿಷೇಧ ಇಲ್ಲ, ಬರೀ ರುಚಿಯ ಮಾತು. ಅದನ್ನು ಹೇಳುವಾಗ ಅವರು ಬರೆದ ವಾಕ್ಯ ಇದು: ‘ದಿಸ್ ಈಸ್ ಆ್ಯನ್ ಈಡಿಯಮ್ ವಿಚ್ ಅವರ್ ಲ್ಯಾಂಗ್ವೇಜ್ ಈಸ್ ಸ್ಟ್ರಾಂಗ್ಲಿ ಇನ್‌ಕ್ಲೈನ್ಡ್ ಟು.’ ಕೊನೆಯ ‘ಟು’ ನೋಡಿದಿರಾ? ಬೇಕೆಂದೇ ಹಾಗೆ ಬರೆದರು ಅಂತ ನನ್ನ ನಂಬಿಕೆ. 1795ರಲ್ಲಿ ಲಿಂಡ್ಲಿ ಮರ್ರೆ ತಮ್ಮ ಶಾಲಾ ವ್ಯಾಕರಣಕ್ಕೆ ಇದೇ ಮಾತನ್ನು ಎತ್ತಿಕೊಂಡಾಗ ಆ ‘ಟು’ವನ್ನು ಶಿಸ್ತಾಗಿ ಮುಂದಕ್ಕೆ ಕೂರಿಸಿದರು. ನಗೆ ಹೋಯಿತು, ನಿಯಮ ಉಳಿಯಿತು. 1926ರಲ್ಲಿ ಇಂಗ್ಲಿಷ್ ಬಳಕೆಯ ಬಗ್ಗೆ ಹೆಸರಾಂತ ಕೈಪಿಡಿ ಬರೆದ ಫೌಲರ್ ಅದನ್ನು ಮೂಢನಂಬಿಕೆ ಅಂತಲೇ ಕರೆದರು. ನಮ್ಮ ಆಡಿಟರಿಗೆ ಆ ಸುದ್ದಿ 1998ರವರೆಗೂ ಮುಟ್ಟಿರಲಿಲ್ಲ. (ಚರ್ಚಿಲ್ ಹೇಳಿದ್ದು ಅಂತ ವಾಟ್ಸ್ಆ್ಯಪಿನಲ್ಲಿ ಸುತ್ತುವ, ಬಾಲವನ್ನು ಬಲವಂತವಾಗಿ ಮುಂದಕ್ಕೆಳೆದು ಈ ನಿಯಮವನ್ನೇ ಗೇಲಿ ಮಾಡುವ ‘ಅಪ್ ವಿತ್ ವಿಚ್’ ಜೋಕು ಇಲ್ಲಿ ಬರಬೇಕಿತ್ತು ಅಂತ ಕೆಲವರಿಗೆ ಅನ್ನಿಸಬಹುದು. ಅದು ಅವರ ಮಾತು ಅನ್ನುವುದಕ್ಕೆ ಗಟ್ಟಿ ಆಧಾರ ಇಲ್ಲ. ಜೋಕು ಮಾತ್ರ ಚೆನ್ನಾಗಿದೆ.)

ಮರದ ದೆಸೆಯಿಂದ

ಇಂಗ್ಲಿಷಿನವರು ಲ್ಯಾಟಿನ್ ಅಂಗಿ ತೊಟ್ಟು ಬೆವರಿದ ಕಥೆ ಓದಿ ನಗುತ್ತಿದ್ದಾಗಲೇ ನೆನಪಾಗಿದ್ದು ನಮ್ಮ ಪಂಚಮೀ ವಿಭಕ್ತಿ. ಶಾಲೆಯಲ್ಲಿ ಎಲ್ಲರೂ ರಾಗವಾಗಿ ಹೇಳಿದವರೇ: ಉ, ಅನ್ನು, ಇಂದ, ಗೆ-ಕೆ, ದೆಸೆಯಿಂದ, ಅ, ಅಲ್ಲಿ. ಬೇರೆ ಆರೂ ದಿನಾ ಬಾಯಲ್ಲಿ ಓಡಾಡುವಂಥವು. ಈ ದೆಸೆಯಿಂದ ಯಾರದು? ‘ಮರದ ದೆಸೆಯಿಂದ ಹಣ್ಣು ಉದುರಿತು’ ಅಂತ ಹೇಳಿದ ಒಬ್ಬ ಮನುಷ್ಯನನ್ನೂ ನಾನು ಕಂಡಿಲ್ಲ. ಮರದಿಂದ ಹಣ್ಣು ಉದುರುತ್ತದೆ, ಕತ್ತಿಯಿಂದ ಮರ ಕಡಿಯುತ್ತಾರೆ. ಎರಡಕ್ಕೂ ‘ಇಂದ’ ಸಾಕು. ಆದರೆ ಸಂಸ್ಕೃತದಲ್ಲಿ ತೃತೀಯೆ ಬೇರೆ, ಪಂಚಮಿ ಬೇರೆ. ಏಳು ಕುರ್ಚಿ ಹಾಕಿದ ಮೇಲೆ ಒಂದು ಖಾಲಿ ಬಿಡಬಾರದಲ್ಲ, ಯಾರನ್ನೋ ಕರೆದು ಕೂರಿಸಿದರು. 13ನೇ ಶತಮಾನದ ಕೇಶಿರಾಜನ ಶಬ್ದಮಣಿದರ್ಪಣದಲ್ಲಿ ಆ ಜಾಗದಲ್ಲಿ ‘ಅತ್ತಣಿಂ’ ಇದೆ. ಅದರೊಳಗೂ ಕೂತಿರುವುದು ‘ಇಂ’ ತಾನೇ. ಕೇಶಿರಾಜನನ್ನು ಬೈಯುವುದಕ್ಕೆ ಈ ಮಾತಲ್ಲ. ಗಮಕಸಮಾಸದಂಥ, ಸಂಸ್ಕೃತಕ್ಕಿಲ್ಲದ ಕನ್ನಡದ್ದೇ ಲಕ್ಷಣಗಳನ್ನು ಎತ್ತಿ ಹೇಳಿದವನೂ ಅವನೇ.

ನನಗೆ ತಮಾಷೆ ಅನ್ನಿಸುವುದು ಪಠ್ಯಪುಸ್ತಕದ ಮುಂದಿನ ಪುಟ. ‘ಮರದಿಂದ ಹಣ್ಣು ಉದುರಿತು’ ಅನ್ನುವುದು ಅಲ್ಲಿ ವಿಭಕ್ತಿ ಪಲ್ಲಟಕ್ಕೆ ಉದಾಹರಣೆ. ಪಂಚಮಿ ಬರಬೇಕಾದ ಕಡೆ ತೃತೀಯೆ ಬಂದಿದೆಯಂತೆ. ಅಂದರೆ ಊರೆಲ್ಲ ಆಡುವ ಮಾತು ಅದಲುಬದಲು, ಯಾರೂ ಆಡದ್ದು ಮೂಲ! ನಿಜವಾಗಿ ‘ದೆಸೆಯಿಂದ’ ಅನ್ನುವುದನ್ನು ನಾನು ಜೀವಂತವಾಗಿ ಕೇಳಿದ್ದು ಒಬ್ಬರ ಬಾಯಲ್ಲಿ ಮಾತ್ರ. ನಮ್ಮಜ್ಜಿ. ‘ಈ ಮುಂಡೇದರ ದೆಸೆಯಿಂದ ನಂಗೆ ಒಂದು ಗಳಿಗೆ ನೆಮ್ಮದಿ ಇಲ್ಲ’ ಅಂತ ನನ್ನ ತಮ್ಮನನ್ನು ಬೈಯುವಾಗ. ಅಲ್ಲಿ ಅದಕ್ಕೆ ದೆಸೆಯೂ ಇತ್ತು, ಅರ್ಥವೂ ಇತ್ತು. ಹಣ್ಣು ಉದುರುವುದಕ್ಕೂ ಅದಕ್ಕೂ ಏನೂ ಸಂಬಂಧವಿರಲಿಲ್ಲ.

ನನ್ನ ಆಡಿಟರಿಗೂ ನಮ್ಮ ಕನ್ನಡ ಪಂಡಿತರಿಗೂ ಪರಿಚಯವಿರಲಿಲ್ಲ. ಒಂದೇ ಆಫೀಸಿನಲ್ಲಿ ಕೆಲಸ ಮಾಡಿದವರ ಹಾಗೆ ಮಾತ್ರ ಇದ್ದರು.

ಎಲ್ಲಿ ನಿಜವಾಗಿ ಎಡವುತ್ತೇವೆ

ಹಾಗಂತ ಬಾಲ ಎಲ್ಲಿದ್ದರೂ ಚೆಂದ ಅಂತಲ್ಲ. ಮಹಡಿ ಮೇಲೆ ಮಲಗುವ ಮಗುವಿಗೆ ಅಪ್ಪ ಬೇಡದ ಪುಸ್ತಕ ಹೊತ್ತು ತಂದ ಹಳೆಯ ಜೋಕಿದೆ. ಮಗು ಕೇಳುವ ಒಂದೇ ಪ್ರಶ್ನೆಯ ಕೊನೆಗೆ ‘ಟು ಔಟ್ ಆಫ್ ಅಪ್ ಫಾರ್’ ಅಂತ ರೈಲು ಡಬ್ಬಿಗಳ ಹಾಗೆ ಐದು ಪ್ರಿಪೊಸಿಶನ್ ಸಾಲಾಗಿ ನಿಲ್ಲುತ್ತವೆ. ಜೋಕು ಹೋಗಲಿ, ಆಫೀಸಿನ ಪತ್ರಗಳಲ್ಲೂ ಹೆಸರು ಒಂದನೇ ಸಾಲಿನಲ್ಲಿ ಬಂದು ಅದರ ‘ಫ್ರಮ್’ ನಾಲ್ಕನೇ ಸಾಲಿನಲ್ಲಿ ಬರುವುದುಂಟು. ಅಷ್ಟು ದೂರ ಓದುವವರು ಅದನ್ನು ತಲೆಯಲ್ಲಿ ಹೊತ್ತುಕೊಂಡು ಬರಬೇಕು. ಅಲ್ಲಿ ‘ಫ್ರಮ್ ವಿಚ್’ ಮಾಡಿದರೆ ಉಪಕಾರ. ಇಲ್ಲವೇ ವಾಕ್ಯವನ್ನೇ ಎರಡಾಗಿ ಮುರಿಯುವುದು ಇನ್ನೂ ದೊಡ್ಡ ಉಪಕಾರ.

ನಿಜವಾದ ಎಡವಟ್ಟು ನಡೆಯುವುದು ಪ್ರಿಪೊಸಿಶನ್ ಎಲ್ಲಿದೆ ಅನ್ನುವುದರಲ್ಲಲ್ಲ, ಯಾವುದು ಅನ್ನುವುದರಲ್ಲಿ. ಅದರ ಬಗ್ಗೆ ಆಡಿಟರು ಒಂದು ದಿನವೂ ತಲೆಕೆಡಿಸಿಕೊಳ್ಳಲಿಲ್ಲ. ನನ್ನ ಮೇಲೆ ಕೋಪ, ಆದ್ದರಿಂದ ‘ಆ್ಯಂಗ್ರಿ ಆನ್ ಮಿ’. ಅವನ ಜೊತೆ ಮದುವೆ, ಆದ್ದರಿಂದ ‘ಮ್ಯಾರೀಡ್ ವಿತ್’. ಮೈಸೂರಿಗೆ ತಲುಪಿದೆ, ಆದ್ದರಿಂದ ‘ರೀಚ್ಡ್ ಟು ಮೈಸೂರ್’. ಅದರ ಬಗ್ಗೆ ಚರ್ಚಿಸಿದೆವು, ಆದ್ದರಿಂದ ‘ಡಿಸ್ಕಸ್ಡ್ ಅಬೌಟ್’. ಒಂದೊಂದರ ಹಿಂದೆಯೂ ಒಂದು ಗಟ್ಟಿ ಕನ್ನಡ ವಾಕ್ಯವಿದೆ. ‘ಕೋಪ್ ಅಪ್ ವಿತ್’ ಅನ್ನುವುದರಲ್ಲಿ ‘ಅಪ್’ ಎಲ್ಲಿಂದ ಬಂತು ಅಂತ ಮಾತ್ರ ದೇವರಿಗೇ ಗೊತ್ತು. ಇಡೀ ದೇಶವೇ ಅದನ್ನು ಸೇರಿಸುತ್ತದೆ. ಇವುಗಳಿಗೆ ತರ್ಕ ಹುಡುಕಿ ಪ್ರಯೋಜನವಿಲ್ಲ. ಬ್ರಿಟಿಷರು ವಾರದ ಕೊನೆಗೆ ‘ಆ್ಯಟ್’ ಅನ್ನುತ್ತಾರೆ, ಅಮೆರಿಕದವರು ‘ಆನ್’ ಅನ್ನುತ್ತಾರೆ, ರಜೆ ಇಬ್ಬರಿಗೂ ಅಷ್ಟೇ.

ಈ ಬಾಲಗಳು ಎಷ್ಟೋ ಕಡೆ ಪ್ರಿಪೊಸಿಶನ್ ಕೂಡ ಅಲ್ಲ, ಕ್ರಿಯಾಪದದ ತುಂಡುಗಳೇ ಆಗಿಬಿಟ್ಟಿವೆ. ‘ಲುಕ್’ ಅಂದರೆ ನೋಡು. ‘ಲುಕ್ ಆಫ್ಟರ್’ ಅಂದರೆ ನೋಡಿಕೋ. ಮಗುವನ್ನು ನೋಡುವುದು ಬೇರೆ, ನೋಡಿಕೊಳ್ಳುವುದು ಬೇರೆ, ಅಲ್ವಾ? ಅವರು ‘ಆಫ್ಟರ್’ ಹಚ್ಚಿ ಮಾಡಿದ ಕೆಲಸವನ್ನು ನಾವು ‘ಕೋ’ ಹಚ್ಚಿ ಮಾಡಿದ್ದೇವೆ. ಬರೆ ಬೇರೆ, ಬರೆದುಕೋ ಬೇರೆ, ಬರೆದುಹಾಕು ಬೇರೆ, ಬರೆದುಕೊಡು ಬೇರೆ. ನಮ್ಮ ಬಾಲಗಳೂ ಕೊನೆಯಲ್ಲೇ ಇವೆ. ಯಾರೂ ಅವನ್ನು ಎತ್ತಿ ಮುಂದೆ ಇಡು ಅಂದಿಲ್ಲ ಸದ್ಯ. ಇದನ್ನು ಮೇಷ್ಟ್ರಿಗೆ ಹೇಳಬೇಕು ಅನ್ನಿಸುತ್ತದೆ. ಅವರು ರಿಟೈರ್ ಆಗಿ ಮಗನ ಮನೆಯಲ್ಲಿದ್ದಾರೆ, ಕಿವಿ ಸ್ವಲ್ಪ ಮಂದ ಅಂತ ಕೇಳಿದೆ. ಬೋರ್ಡಿದ್ದರೆ ಬರೆದು ತೋರಿಸಬಹುದಿತ್ತು.

ಮೇಲ್ ವಿಷಯ ಹೇಳಿ ಮುಗಿಸುತ್ತೇನೆ. ಹನ್ನೊಂದನೇ ನಿಮಿಷಕ್ಕೆ ಧೈರ್ಯ ಮಾಡಿ ‘ದಿಸ್ ಈಸ್ ದಿ ರಿಪೋರ್ಟ್ ಐ ವಾಸ್ ಟಾಕಿಂಗ್ ಅಬೌಟ್’ ಅಂತಲೇ ಬಿಟ್ಟೆ. ಫುಲ್‌ಸ್ಟಾಪ್ ಇಟ್ಟು ಕಳಿಸಿದೆ. ಮೇಷ್ಟ್ರ ಕಡೆಗೆ ಒಂದು ಓಟು ಹಾಕಿದ ಹಾಗಾಯಿತು ಅಂದುಕೊಂಡು ಕಾಫಿಗೆ ಎದ್ದೆ. ವಾಪಸ್ ಬರುವಷ್ಟರಲ್ಲಿ ಹುಬ್ಬಳ್ಳಿ ಹುಡುಗಿಯ ಉತ್ತರ ಬಂದು ಕೂತಿತ್ತು.

‘ಅಕ್ಕಾ, ವಿಚ್ ರಿಪೋರ್ಟ್ ರೀ?’

ಫೈಲ್ ಅಟ್ಯಾಚ್ ಮಾಡಿರಲೇ ಇಲ್ಲ.